ಸವೆಯದ ಬ್ರೇಕು

ಅದ್ದುಚ್ಚ ಬಂದವರ ಮುಖ ನೋಡುತ್ತಿರಲಿಲ್ಲ. ಗಾಡಿಯನ್ನು ಸ್ಟ್ಯಾಂಡಿಗೆ ಹಾಕಿದ ಕೂಡಲೇ ಲುಂಗಿ ಎತ್ತಿ ಕಟ್ಟಿ, ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು, ಹೆಬ್ಬೆರಳಿನಿಂದ ಟಯರು ಸವರುತ್ತಿದ್ದರು. ಆಮೇಲೆ ಚೈನು, ಆಮೇಲೆ ಬ್ರೇಕು, ಕೊನೆಗೆ ಕಾಲಿಡುವ ರಬ್ಬರು. ಅಷ್ಟಾಗಿ ತಲೆ ಎತ್ತುವ ಹೊತ್ತಿಗೆ ಎದುರು ನಿಂತವನ ಅರ್ಧ ಚರಿತ್ರೆ ಅವರಿಗೆ ತಿಳಿದಿರುತ್ತಿತ್ತು. ಒಬ್ಬ ಬ್ಯಾಂಕ್ ಮ್ಯಾನೇಜರಿಗೆ, "ನಿಮಗೆ ಕ್ಲಚ್ಚಿನಿಂದ ಕೈ ತೆಗೀಲಿಕ್ಕೆ ಧೈರ್ಯ ಇಲ್ಲ ಮಾರಾಯ್ರೆ" ಎಂದಿದ್ದರು. ಒಬ್ಬ ಡಾಕ್ಟರರಲ್ಲಿ, ಬೆಳಿಗ್ಗೆ ಮನೆಯಿಂದ ಹೊರಡುವಾಗ ಯಾರ ಮೇಲೆ ಕೋಪ ಎಂದು ಕೇಳಿದ್ದರು. ಎಂಜಿನ್ ಬಿಸಿಯಾಗುವ ಮೊದಲೇ ಆ ಡಾಕ್ಟರರು ಆಕ್ಸಿಲರೇಟರ್ ತಿರುಚುತ್ತಿದ್ದದ್ದು ಅದ್ದುಚ್ಚರಿಗೆ ಹೇಗೋ ಗೊತ್ತಾಗಿತ್ತು. ಇಬ್ಬರೂ ಸಿಟ್ಟು ಮಾಡಿಕೊಂಡು ಹೋದರು. ಇಬ್ಬರೂ ತಿರುಗಿ ಬಂದರು.

ಅವರ ಪೂರ್ತಿ ಹೆಸರು ಅಬ್ದುಲ್ ಖಾದರ್. ಬ್ಯಾರಿ ಮಾತಿನಲ್ಲಿ ಅಣ್ಣನಿಗೆ ಹೇಳುವ 'ಇಚ್ಚ' ಸೇರಿ ಅದ್ದುಚ್ಚ. ಪುತ್ತೂರಿನ ಪೇಟೆ ದಾಟಿದ ಮೇಲೆ ಅವರ ಬೈಕ್ ರಿಪೇರಿ ಶೆಡ್ಡು. ಬೋರ್ಡು ಇರಲಿಲ್ಲ, ತಗಡಿನ ಬಾಗಿಲ ಮೇಲೆ ಪೈಂಟಿನಲ್ಲಿ ಬರೆದ ಫೋನ್ ನಂಬ್ರ ಮಾತ್ರ ಇತ್ತು. ಸ್ಪ್ಯಾನರುಗಳೆಲ್ಲ ಒಂದು ಹಳೆಯ ಮೀನಿನ ಬುಟ್ಟಿಯಲ್ಲಿ ರಾಶಿ ಬಿದ್ದಿರುತ್ತಿದ್ದವು. ಗೋಡೆಯಲ್ಲಿ ಗಡಿಯಾರವಿತ್ತು, ನಡೆಯುತ್ತಿರಲಿಲ್ಲ. "ಈಗ ಬಂದೆ" ಎಂದು ಹೋದರೆ ಮಧ್ಯಾಹ್ನದ ನಮಾಜು ಮುಗಿಸಿಯೇ ಬರುತ್ತಿದ್ದರು.

ನಾನು ಇದಕ್ಕೆಲ್ಲ ಹೊಂದುವವನಲ್ಲ. ಇಪ್ಪತ್ತೆಂಟು ವರ್ಷ ಸೈನ್ಯದ ಉಗ್ರಾಣದಲ್ಲಿ ದುಡಿದು ಸುಬೇದಾರನಾಗಿ ನಿವೃತ್ತನಾದವನು. ಸುಳ್ಯದ ನನ್ನ ಮನೆಯಲ್ಲಿ ನಾಲ್ಕು ಮುಕ್ಕಾಲಿಗೆ ಏಳುವುದು, ಐದೂವರೆಗೆ ನಡೆಯುವುದು, ಏಳಕ್ಕೆ ತಿಂಡಿ. ಬೈಕಿಗೆ ಒಂದು ಪುಸ್ತಕವಿತ್ತು. ಎಣ್ಣೆ ಬದಲಿಸಿದ್ದು, ಚೈನು ಬಿಗಿ ಮಾಡಿದ್ದು, ಟಯರಿಗೆ ಗಾಳಿ ಹಾಕಿದ್ದು ಎಲ್ಲವೂ ಅದರಲ್ಲಿ ಇರುತ್ತಿದ್ದವು. ಒಂಬತ್ತು ವರ್ಷದ ಆ ನೂರೈವತ್ತು ಸಿ.ಸಿ. ಗಾಡಿ ಹೊಸದರಂತೆ ಹೊಳೆಯುತ್ತಿತ್ತು.

ಆದರೂ ನನಗೆ ದೊಡ್ಡದು ಬೇಕಾಗಿತ್ತು. ಸಂಪಾಜೆ ಘಾಟಿಯಲ್ಲಿ ಲಾರಿಯ ಹಿಂದೆ ಹೊಗೆ ಕುಡಿಯುತ್ತಾ ಹತ್ತುವುದು ಸಾಕಾಗಿದೆ ಎಂದು ಕೇಳಿದವರಿಗೆ ಹೇಳುತ್ತಿದ್ದೆ. ಅದು ಸುಳ್ಳಲ್ಲ, ಆದರೆ ಪೂರ್ತಿ ನಿಜವೂ ಅಲ್ಲ. ಅರುವತ್ತು ದಾಟಿದ ಮೇಲೆ, ಕೈ ತಿರುಚಿದರೆ ಎದೆಗೆ ಗಾಳಿ ಒತ್ತುವಂಥ ಒಂದು ಸ್ಪೋರ್ಟ್ಸ್ ಬೈಕು ಬೇಕೆಂಬ ಆಸೆ ಹುಟ್ಟಿತ್ತು. ನಾನೂರು ಸಿ.ಸಿ., ಎರಡು ಸಿಲಿಂಡರ್. ಕಾಗದದಲ್ಲಿ ಗೆರೆ ಎಳೆದು ನಾಲ್ಕು ಬೈಕುಗಳ ಶಕ್ತಿ, ತೂಕ, ಸೀಟಿನ ಎತ್ತರ ಬರೆದು ಹೋಲಿಸಿದ್ದೆ. ಹಳೆಯದನ್ನು ಕೊಳ್ಳುವ ಗಿರಾಕಿ ಸಿಕ್ಕರೆ ಹೊಸದರ ಕೆಲಸ ಮುಗಿಯುತ್ತಿತ್ತು. ಅದಕ್ಕೆ ಅದ್ದುಚ್ಚರ ಹತ್ತಿರ ಹೋಗಲು ಯಾರೋ ಹೇಳಿದರು.

ನಾನು ಸುಬೇದಾರನೆಂದು ಪರಿಚಯ ಹೇಳಿದೆ, ಅವರು ಎಂದಿನಂತೆ ಕೂತರು. ಟಯರು ಸವರಿದರು. ಚೈನು ನೋಡಿ, "ಒಳ್ಳೆ ಇಟ್ಟಿದ್ದೀರಿ" ಎಂದರು. ನಾನು ಬೆನ್ನು ನೆಟ್ಟಗೆ ಮಾಡಿ ನಿಂತೆ. ಮುಂದಿನ ಚಕ್ರದ ಹತ್ತಿರ ಬಂದವರು ಟಾರ್ಚ್ ಹಾಕಿ ಬಹಳ ಹೊತ್ತು ನೋಡಿದರು. ಹಿಂದಿನ ಬ್ರೇಕಿನ ಶೂ ಎಷ್ಟು ಸಲ ಬದಲಿಸಿದ್ದೀರಿ ಎಂದು ಕೇಳಿದರು. ಪುಸ್ತಕ ತೆಗೆದು, ಆರು ಸಲ ಎಂದೆ. ಮುಂದಿನ ಡಿಸ್ಕಿನ ಪ್ಯಾಡು? ಒಮ್ಮೆಯೂ ಇಲ್ಲ.

"ಅದು ನಿಮ್ಮ ಪುಸ್ತಕದಲ್ಲಿ ಇರ್ಲಿಕ್ಕಿಲ್ಲ" ಎಂದು ಅವರು ಎದ್ದರು. "ಒಂಬತ್ತು ವರ್ಷ ಆಯ್ತು, ಇದು ಅರ್ಧವೂ ಸವೆದಿಲ್ಲ. ನೀವು ಮುಂದಿನ ಬ್ರೇಕ್ ಹಿಡಿಯುದೇ ಇಲ್ಲ ಸುಬೇದಾರ್ರೆ."

ಮುಂದಿನದು ಹಿಡಿದರೆ ಬೀಳುತ್ತದೆ, ನಮ್ಮ ಕಡೆ ಎಲ್ಲರೂ ಹಾಗೆಯೇ ಕಲಿತವರು ಎಂದೆ. ಹೊಸ ಬೈಕಿನಲ್ಲಿ ಹೇಗೂ ಎಬಿಎಸ್ ಇದೆ, ಚಕ್ರ ಜಾರದ ಹಾಗೆ ಅದೇ ನೋಡಿಕೊಳ್ಳುತ್ತದೆ ಎಂದೂ ಸೇರಿಸಿದೆ.

"ಎಬಿಎಸ್ ಇರುದು ಬ್ರೇಕ್ ಹಿಡಿದವನಿಗೆ. ಹಿಡಿಯದವನಿಗೆ ಅದು ಎಂತ ಮಾಡ್ತದೆ?"

ಅವರು ಬಗ್ಗಿ, ಹಿಂದೆ ಕೂರುವವರು ಕಾಲಿಡುವ ರಬ್ಬರನ್ನು ಬೆರಳಿನಿಂದ ಮುಟ್ಟಿದರು. ಹೊಸದರಲ್ಲಿ ಅಚ್ಚಿನಿಂದ ಬಂದ ಸಣ್ಣ ಮುಳ್ಳುಗಳು, ಯಾರ ಕಾಲೂ ತಾಗದೆ, ಅದರ ಮೇಲೆ ಇನ್ನೂ ಹಾಗೆಯೇ ಇದ್ದವು. ಆಗ ಅವರು ಮೊದಲ ಸಲ ನನ್ನ ಮುಖ ನೋಡಿದರು.

"ಮನೆಯಲ್ಲಿ ಅಕ್ಕ ಇದ್ದಾರಲ್ವಾ? ಅವರು ಕೂರುದಿಲ್ವಾ?"

ಆ ಪ್ರಶ್ನೆಯನ್ನು ಅಲ್ಲಿಯವರೆಗೆ ಯಾರೂ ನನ್ನಲ್ಲಿ ಕೇಳಿರಲಿಲ್ಲ. ನಾನೂ ಹೆಂಡತಿ ಲಲಿತಳೂ ಪುತ್ತೂರಿಗೆ ಹೊರಟರೆ ಅವಳು ಬಸ್ಸಿನಲ್ಲಿ, ನಾನು ಬಸ್ಸಿನ ಹಿಂದೆ ಬೈಕಿನಲ್ಲಿ. ನೆಂಟರು ಇದನ್ನು ಹೇಳಿ ನಗುತ್ತಿದ್ದರು. ಸುಬೇದಾರರು ಹೆಂಡತಿಗೆ ಎಸ್ಕಾರ್ಟ್ ಹೋಗುತ್ತಾರೆ ಎನ್ನುತ್ತಿದ್ದರು. ನಾನೂ ನಗುತ್ತಿದ್ದೆ. ಆ ಶೆಡ್ಡಿನಲ್ಲಿ ನಿಂತು, ಪರಿಚಯವಾಗಿ ಅರ್ಧ ಗಂಟೆಯೂ ಆಗದ ಮನುಷ್ಯನಿಗೆ ನಾನು ಎಲ್ಲವನ್ನೂ ಹೇಳಿದೆ. ಬಹಳ ವರ್ಷಗಳ ಹಿಂದೆ ರಜೆಯಲ್ಲಿ ಬಂದಿದ್ದಾಗ, ಆಗಿನ ಬೈಕಿನಲ್ಲಿ ಹೋಗುತ್ತಿರುವಾಗ, ಜಾಲ್ಸೂರಿನ ಹತ್ತಿರ ಒಂದು ತಿರುವಿನಲ್ಲಿ ಎದುರಿಗೆ ದನ ಬಂತು. ಮುಂದಿನ ಬ್ರೇಕನ್ನು ಮುಷ್ಟಿಯಲ್ಲಿ ಹಿಡಿದು ಎಳೆದೆ. ಚಕ್ರದ ಅಡಿಯಲ್ಲಿ ಮರಳಿತ್ತು. ನನಗೆ ಮೊಣಕೈ ತರಚಿತು. ಹಿಂದೆ ಕೂತಿದ್ದ ಲಲಿತಳ ಹೆಗಲ ಮೂಳೆ ಮುರಿಯಿತು. ಆಮೇಲೆ ನಾನು ಯಾವ ಗಾಡಿಯ ಮುಂದಿನ ಬ್ರೇಕಿನ ಲಿವರಿಗೂ ಕೈ ಹಾಕಲಿಲ್ಲ, ಅವಳನ್ನೂ ಕೂರಿಸಲಿಲ್ಲ.

ಅದ್ದುಚ್ಚ ಅಯ್ಯೋ ಪಾಪ ಎನ್ನಲಿಲ್ಲ. ತಿರುವಿನಲ್ಲಿ ಗಾಡಿ ಬಾಗಿರುವಾಗಲೇ ಬ್ರೇಕ್ ಹಿಡಿದದ್ದಾ ಅಂತ ಕೇಳಿದರು. ಹೌದೆಂದೆ. ಹಾಗಾದರೆ ತಪ್ಪು ಬ್ರೇಕಿನದ್ದಲ್ಲ, ಹಿಡಿದ ಜಾಗದ್ದು ಎಂದರು. ಆಮೇಲೆ, "ಅಕ್ಕನ ಹತ್ತಿರ ಕೇಳಿದ್ದೀರಾ, ಕೂರ್ತೀರಾ ಅಂತ?"

ಕೇಳಿರಲಿಲ್ಲ.

"ಈ ಗಾಡಿಗೆ ನಾನು ಗಿರಾಕಿ ಹುಡುಕುದಿಲ್ಲ" ಎಂದರು. "ಈ ಪ್ಯಾಡು ಸವೆಯಲಿ. ಮತ್ತೆ ದೊಡ್ಡದು ನೋಡುವ."

ಸಿಟ್ಟು ಬಂತು. ಬೈಕು ನನ್ನದು, ಆಸೆ ನನ್ನದು, ಅನುಮತಿ ಕೊಡಲು ಇವರು ಯಾರು? ಎರಡು ತಿಂಗಳು ಆ ಕಡೆ ಹೋಗಲಿಲ್ಲ. ಶೋರೂಮಿನಿಂದ ಬುಕಿಂಗ್ ಅರ್ಜಿ ತರಿಸಿದೆ. ಸಹಿ ಹಾಕುವ ಜಾಗಕ್ಕೆ ಪೆನ್ನು ತಂದಾಗಲೆಲ್ಲ ಆ ಮುಳ್ಳು ಮುಳ್ಳು ರಬ್ಬರು ಕಣ್ಣಿಗೆ ಬರುತ್ತಿತ್ತು. ಕೊನೆಗೆ ಒಂದು ಬೆಳಿಗ್ಗೆ ಏಳೂವರೆಗೆ ಅವರ ಶೆಡ್ಡಿನ ಮುಂದೆ ನಿಂತಿದ್ದೆ. ಅವರು ಬಂದದ್ದು ಒಂಬತ್ತೂ ಕಾಲಿಗೆ. ಮುಂದಿನ ಬ್ರೇಕ್ ಹಿಡಿಯಲು ಕಲಿಸಿ ಎಂದೆ.

ಹೆದ್ದಾರಿಯ ತಿರುವು ನೇರ ಮಾಡಿದ ಮೇಲೆ ಯಾರೂ ಬಳಸದ ಹಳೆಯ ಡಾಮರು ರಸ್ತೆಯ ಒಂದು ತುಂಡು ಹತ್ತಿರದಲ್ಲೇ ಇತ್ತು. ಅಲ್ಲಿ ಒಂದು ತೆಂಗಿನ ಸಿಪ್ಪೆ ಇಟ್ಟು, ಅದರ ಹತ್ತಿರ ಬಂದಾಗ ಬ್ರೇಕ್ ಹಿಡಿದು, ಅದನ್ನು ಮುಟ್ಟುವ ಮೊದಲು ನಿಲ್ಲಿಸಬೇಕು ಎಂದರು. ಮೊದಲ ದಿನ ನನ್ನ ಬಲಗೈಯ ಬೆರಳುಗಳು ಲಿವರಿನ ಮೇಲೆ ಬಂದು ನಿಂತವು, ಒತ್ತಲಿಲ್ಲ. ಗಾಡಿ ಸಿಪ್ಪೆ ದಾಟಿ ಪೊದೆಯವರೆಗೆ ಹೋಯಿತು. ಅದ್ದುಚ್ಚ ನಗಲಿಲ್ಲ. "ಎಳೆಯುದಲ್ಲ, ಹಿಂಡುದು" ಎಂದು ತಮ್ಮ ಬೆರಳು ಮಡಚಿ ತೋರಿಸಿದರು. "ಶರಬತ್ತಿಗೆ ಲಿಂಬೆ ಹಿಂಡ್ತೀರಲ್ಲ, ಹಾಗೆ. ಬೀಜ ಬೀಳಬಾರದು."

ನಾನು ಅದಕ್ಕೂ ಕ್ರಮ ಮಾಡಿಕೊಂಡೆ. ವಾರಕ್ಕೆ ಮೂರು ದಿನ, ದಿನಕ್ಕೆ ಇಪ್ಪತ್ತು ಸಲ. ಒಂದು, ಎರಡು ಎಂದು ಬಾಯಲ್ಲಿ ಎಣಿಸುತ್ತಾ ಹಿಡಿಯುತ್ತಿದ್ದೆ. ಇದು ಪರೇಡ್ ಅಲ್ಲ, ದನ ಬರುವಾಗ ಎಣಿಸಿಕೊಂಡು ಬರುವುದಿಲ್ಲ ಎಂದು ಅದ್ದುಚ್ಚ ಗದರಿದರು. ಮೂರನೆಯ ವಾರ ಒಮ್ಮೆ ಲುಂಗಿ ಮಡಚಿ, ಕೇಳದೆ, ನನ್ನ ಹಿಂದೆ ಏರಿ ಕೂತರು.

ಇಳಿಯಿರಿ ಎಂದೆ. ಇಳಿಯಲಿಲ್ಲ.

"ನನ್ನ ಮೂಳೆ ಹಳತು, ಮುರಿದರೂ ಲಾಸ್ ಇಲ್ಲ. ಗಾಡಿ ಬಿಡಿ ನೀವು."

ಬೆನ್ನಿನ ಹಿಂದೆ ಇನ್ನೊಬ್ಬರ ಭಾರ ಬಿದ್ದ ಕೂಡಲೇ ಲಿವರಿನಿಂದ ಕೈ ತೆಗೆದು ಮತ್ತೆ ಇಟ್ಟೆ. ಆ ದಿನ ಸಿಪ್ಪೆಗಿಂತ ಒಂದು ಮಾರು ಮೊದಲೇ ಗಾಡಿ ನಿಂತಿತು. ಅಡ್ಡ ಹೋಗಲಿಲ್ಲ, ಜಾರಲಿಲ್ಲ. ಅವರು ಇಳಿದು ಹೋಗಿ ಸಿಪ್ಪೆಯನ್ನು ಕಾಲಿನಿಂದ ಪೊದೆಗೆ ಒದ್ದರು. ಪಾಠ ಮುಗಿಯಿತು ಎಂದು ಅದರ ಅರ್ಥ.

ಹಳೆಯ ಗಾಡಿಗೆ ಅವರೇ ಗಿರಾಕಿ ಹುಡುಕಿ ಕೊಟ್ಟರು. ಹೊಸ ಬೈಕು ಆರಿಸಲು ಮಂಗಳೂರಿನ ಶೋರೂಮಿಗೆ ನನ್ನ ಜೊತೆ ಅವರೂ ಬಂದರು. ಅಲ್ಲಿಯ ಮಾರಾಟದವನು ನನ್ನ ಪಟ್ಟಿಯ ಮೊದಲನೆಯ ಬೈಕಿನ ಹತ್ತಿರ ನಿಲ್ಲಿಸಿ, ಸೊನ್ನೆಯಿಂದ ನೂರಕ್ಕೆ ಎಷ್ಟು ಸೆಕೆಂಡು ಎಂದು ವಿವರಿಸಿದ. ಅದ್ದುಚ್ಚ ಎಲ್ಲ ಕೇಳಿ, "ನೂರರಿಂದ ಸೊನ್ನೆಗೆ?" ಎಂದರು. ಅವನು ಪುಸ್ತಿಕೆಯ ಹಾಳೆ ತಿರುವತೊಡಗಿದ. ಅಷ್ಟರಲ್ಲಿ ಇವರು ಚಪ್ಪಲಿ ಕಳಚಿ ಹಿಂದಿನ ಸೀಟಿಗೆ ಹತ್ತಿ ಕೂತಾಗಿತ್ತು. ಅಂಗೈ ಅಗಲದ ಸೀಟು. ಮನೆಯ ಮಾಡಿನ ತುದಿಯಲ್ಲಿ ಕೂತ ಕೋಳಿಯ ಹಾಗೆ ಕಾಣುತ್ತಿದ್ದರು. ಶೋರೂಮಿನ ಎಲ್ಲರೂ ನೋಡಿದರು.

"ಇದು ಒಬ್ಬನೇ ಹೋಗುವ ಗಾಡಿ" ಎಂದು ಮೇಲಿನಿಂದಲೇ ತೀರ್ಪು ಕೊಟ್ಟರು.

ಪಕ್ಕದಲ್ಲಿ ಅದೇ ಎಂಜಿನ್ನಿನ ಇನ್ನೊಂದಿತ್ತು. ಮುಂದೆ ಗಾಳಿ ತಡೆಯುವ ದೊಡ್ಡ ಮುಚ್ಚಳ ಇಲ್ಲ, ಹ್ಯಾಂಡಲ್ ಸ್ವಲ್ಪ ಎತ್ತರ, ಸೀಟು ಉದ್ದ. ನನ್ನ ಪಟ್ಟಿಯಲ್ಲಿ ಅದು ಮೂರನೆಯದು. ಶಕ್ತಿ ಅದೇ, ಅಂಗಿ ಮಾತ್ರ ಬೇರೆ ಎಂದು ಅದ್ದುಚ್ಚ ಹೇಳಿದರು. ನನ್ನ ಕಾಲು ನೆಲಕ್ಕೆ ಪೂರ್ತಿ ತಾಗಿತು. ಅದನ್ನೇ ತೆಗೆದುಕೊಂಡೆ.

ಮನೆಗೆ ಬಂದು ಲಲಿತಳನ್ನು ಕೇಳಲು ನನಗೆ ಇನ್ನೂ ಹನ್ನೊಂದು ದಿನ ಬೇಕಾಯಿತು. ಕೇಳಿದಾಗ ಅವಳು ಸೀರೆಯಲ್ಲಿ ಕೂರುವುದಿಲ್ಲ, ಚೂಡಿದಾರ ಹೊಲಿಸಬೇಕು ಎಂದಳು.

ಅದೇ ವರ್ಷ ಅದ್ದುಚ್ಚರ ಹೃದಯ ಕೈಕೊಟ್ಟಿತು. ಡಾಕ್ಟರರು ಭಾರ ಎತ್ತಬಾರದು ಎಂದರು. ಶೆಡ್ಡು ಮುಚ್ಚಿ ಕಾಣಿಯೂರಿನ ಹತ್ತಿರದ ಮನೆಯಲ್ಲಿ ಇದ್ದರು. ಒಂದು ಭಾನುವಾರ ನಾವಿಬ್ಬರೂ ಬೈಕಿನಲ್ಲೇ ನೋಡಲು ಹೋದೆವು. ಮೈ ಬಹಳ ಇಳಿದಿತ್ತು. ಜಗಲಿಯ ಕುರ್ಚಿಯಿಂದ ಏಳಲು ಹೆಂಡತಿಯ ಕೈ ಹಿಡಿದರು. ಮೆಟ್ಟಿಲು ಇಳಿದು ಬೈಕಿನವರೆಗೆ ಬರುತ್ತಾರೆ ಎಂದುಕೊಂಡೆ. ಬರಲಿಲ್ಲ, ಬರಲು ಆಗಲಿಲ್ಲ. ಟಯರು ಹೇಗುಂಟು ಎಂದು ನನ್ನಲ್ಲೇ ಕೇಳಿ ತಿಳಿದುಕೊಂಡರು. ಲಲಿತಳಿಗೆ ಸೊಂಟ ನೋವಾಯಿತಾ ಎಂದು ವಿಚಾರಿಸಿದರು. ಸ್ವಲ್ಪ ಎಂದಳು ಅವಳು. "ಸೀಟಿಗೆ ಸ್ಪಂಜು ಹಾಕಿಸಿ ಅಕ್ಕ. ಇವರು ಹಾಕಿಸ್ಲಿಕ್ಕಿಲ್ಲ, ಕಂಪೆನಿ ಕೊಟ್ಟದ್ದೇ ಸರಿ ಅನ್ನುವ ಜನ" ಎಂದರು. ನಾವು ಚಹಾ ಕುಡಿದು ಹೊರಟೆವು.

ಹಿಂದಿರುಗಿ ಬರುವಾಗ ಮಳೆ ಹನಿಯುತ್ತಿತ್ತು. ಒಂದು ನೇರ ದಾರಿಯಲ್ಲಿ ನಾನು ಅರುವತ್ತರ ವೇಗದಲ್ಲಿದ್ದೆ. ಎಡಗಡೆಯ ಮನೆಯ ಅಂಗಳದಿಂದ ಒಂದು ಪಿಕಪ್ ಹಿಂದೆ ನೋಡದೆ ಹಿಮ್ಮುಖವಾಗಿ ರಸ್ತೆಯ ಮಧ್ಯಕ್ಕೆ ಬಂತು. ನಾನು ಎಣಿಸಲಿಲ್ಲ. ಕೈ ತಾನೇ ಹಿಂಡಿತು, ಕಾಲು ತಾನೇ ಒತ್ತಿತು. ಲಲಿತಳ ಹೆಲ್ಮೆಟ್ಟು ನನ್ನ ಹೆಲ್ಮೆಟ್ಟಿಗೆ ಟಕ್ ಎಂದು ಬಡಿಯಿತು. ಗಾಡಿ ಪಿಕಪ್ಪಿನ ಬಾಗಿಲಿಗೆ ಎರಡು ಮೊಳ ಉಳಿದಿರುವಾಗ ನೆಟ್ಟಗೆ ನಿಂತಿತು. ಚಾಲಕ ಇಳಿದು ಬಂದು ತಪ್ಪಾಯಿತು ಎಂದು ಕೈ ಮುಗಿದ. ನಾವು ಮತ್ತೆ ಹೊರಟೆವು.

ಇದನ್ನು ಅದ್ದುಚ್ಚರಿಗೆ ಹೇಳಬೇಕು ಎಂದು ಮನೆಗೆ ಮುಟ್ಟುವ ಮೊದಲೇ ತೀರ್ಮಾನಿಸಿದ್ದೆ. ಆದರೆ ಇಂಥದ್ದನ್ನು ಫೋನಿನಲ್ಲಿ ಹೇಳುವುದು ನನಗೆ ಸರಿ ಕಾಣಲಿಲ್ಲ. ಮುಂದಿನ ಭಾನುವಾರ ಹೋಗಿ, ಎದುರು ಕೂತು, ಕ್ರಮವಾಗಿ ಹೇಳೋಣ ಎಂದುಕೊಂಡೆ. ಗುರುವಾರ ಬೆಳಿಗ್ಗೆ ಅವರು ತೀರಿಕೊಂಡರು.

ಮಸೀದಿಯ ಹೊರಗೆ ನಿಂತವರಲ್ಲಿ ಅರ್ಧಕ್ಕರ್ಧ ಜನ ಬೈಕಿನಲ್ಲಿ ಬಂದವರು. ಬ್ಯಾಂಕ್ ಮ್ಯಾನೇಜರೂ ಇದ್ದರು. ನಾನು ಮನೆಗೆ ಬಂದೆ. ಆ ದಿನ ನಾನು ಊಟದ ಹೊತ್ತು ತಪ್ಪಿಸಿದೆ. ಸಂಜೆ ಜಗಲಿಯಲ್ಲಿ ಲಲಿತಳ ಹತ್ತಿರ, ಒಂದು ಫೋನು ಮಾಡಬಹುದಿತ್ತು, ಮಾಡಲಿಲ್ಲ, ಅವರಿಗೆ ಗೊತ್ತಾಗದೆಯೇ ಹೋಯಿತು ಎಂದೆ.

ಅವಳು ಬಟ್ಟೆ ಮಡಚುತ್ತಿದ್ದಳು. "ನಾನು ಮಾಡಿದ್ದೆ" ಎಂದಳು.

ಭಾನುವಾರ ಸಂಜೆಯೇ, ನಾನು ಸ್ನಾನಕ್ಕೆ ಹೋಗಿದ್ದಾಗ. ಹೊರಡುವಾಗ ಅವರ ಹೆಂಡತಿಯಿಂದ ನಂಬ್ರ ಬರೆಸಿಕೊಂಡಿದ್ದಳಂತೆ.

"ಎಂತ ಹೇಳಿದರು?"

"'ಎರಡೂ ಹಿಡಿದರಾ?' ಕೇಳಿದರು. ಹೌದು ಹೇಳಿದೆ. ಗಾಡಿ ಅಡ್ಡ ಹೋಯಿತಾ ಕೇಳಿದರು. ಇಲ್ಲ ಹೇಳಿದೆ. ಕಡೆಗೆ, 'ನಿಮಗೆ ಹೆದರಿಕೆ ಆಯ್ತಾ ಅಕ್ಕ?' ಕೇಳಿದರು. ಒಂಚೂರೂ ಆಗಲಿಲ್ಲ ಹೇಳಿದೆ. ಖುಷಿ ಆಯಿತು ಅವರಿಗೆ."

ನಾನು ಅವಳ ಮುಖ ನೋಡಿದೆ. "ಆಗಲಿಲ್ವಾ?"

"ಜೀವ ಬಾಯಿಗೆ ಬಂದಿತ್ತು" ಎಂದಳು ಲಲಿತ, ಮಡಚಿದ ಬಟ್ಟೆಯನ್ನು ಎತ್ತಿಕೊಳ್ಳುತ್ತಾ. "ಅದನ್ನು ಅವರಿಗೆ ಯಾಕೆ ಹೇಳುದು?"