ಕೂದಲೆಳೆಯಷ್ಟು ಅಗಲ

ಪೆನ್ನಿನ ಕಾರ್ಖಾನೆಯಲ್ಲಿ ಅವಳನ್ನು ಎಲ್ಲರೂ ಕರೆಯುತ್ತಿದ್ದುದು ಭೂತಗನ್ನಡಿಯಕ್ಕ ಎಂದು. ಇಪ್ಪತ್ತೆರಡು ವರ್ಷದಿಂದ ಬಲಗಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು, ನಿಬ್ಬಿನ ಕೆಳಗೆ ಕೂರುವ ಕಪ್ಪು ನಾಲಿಗೆಗೆ ಸಣ್ಣ ಗರಗಸದಿಂದ ಕಾಲುವೆ ಕೊರೆಯುವುದು ಅವಳ ಕೆಲಸ. ಆ ಕಾಲುವೆಯಲ್ಲಿ ಇಂಕು ಕೆಳಗಿಳಿಯಬೇಕು, ಇಳಿದಷ್ಟೇ ಗಾಳಿ ಮೇಲೇರಬೇಕು. ಅಗಲವಾದರೆ ಪೆನ್ನು ಕಕ್ಕುತ್ತದೆ, ಕಿರಿದಾದರೆ ಅದರ ಬಾಯಿ ಒಣಗುತ್ತದೆ. ಅವಳ ಕೈಯಲ್ಲಿ ಎರಡೂ ಆಗುತ್ತಿರಲಿಲ್ಲ. ಗಿರಾಕಿಗಳು ಹೊಗಳಿದ ಒಂದೊಂದು ಮಾತೂ ಅವಳಿಗೆ ಬಾಯಿಪಾಠವಾಗಿತ್ತು.

ಮೈದುನನ ಹೆಂಡತಿಯನ್ನು ಇಂಕಿನ ಕೋಣೆಗೆ ಸೇರಿಸಿದವಳೂ ಅವಳೇ. ವರ್ಷ ತುಂಬುವುದರೊಳಗೆ ಆ ಓರಗಿತ್ತಿ ಹೊಸ ನೀಲಿ ಇಂಕು ಬೆರೆಸಿದಳು; ಒಣಗಿದ ಮೇಲೂ ಅದು ಹಸಿಯಾಗಿರುವಂತೆ ಹೊಳೆಯುತ್ತಿತ್ತು. ಗಿರಾಕಿಗಳು ಪೆನ್ನು ಮರೆತು ಇಂಕಿನ ಗುಣಗಾನ ಶುರುಮಾಡಿದರು. ಮಾಲೀಕರಂತೂ ಅಕ್ಕನ ಮುಂದೆಯೇ, "ನಿಮ್ಮ ಓರಗಿತ್ತಿ ಕೈಗುಣ ನೋಡಿ. ಆ ಇಂಕು ಯಾವ ಪೆನ್ನಿಗೆ ಹಾಕಿದ್ರೂ ಬರೆಯುತ್ತೆ," ಎಂದುಬಿಟ್ಟರು.

ಆ ಮಾತು ಅವಳ ಹೊಟ್ಟೆಗೆ ಕೆಂಡ ಸುರಿಯಿತು. ಮನೆಯಲ್ಲಿ ಊಟಕ್ಕೆ ಕೂತಾಗ ಓರಗಿತ್ತಿಯ ನೀಲಿ ಬೆರಳು ಕಂಡರೂ ಮೈ ಉರಿಯುತ್ತಿತ್ತು. ಕೊನೆಗೊಂದು ದಿನ ನಲವತ್ತು ನಾಲಿಗೆಗಳ ಕಾಲುವೆಯನ್ನು ಬೇಕೆಂದೇ ಕೂದಲೆಳೆಯಷ್ಟು ಅಗಲ ಮಾಡಿದಳು.

ಪೆನ್ನುಗಳು ಸೋರಿದವು. ದೂರು ಬಂದದ್ದು ಇಂಕಿನ ಮೇಲೆ. ಸೋರದಿರಲೆಂದು ಓರಗಿತ್ತಿ ತನ್ನ ನೀಲಿಯನ್ನು ಮಂದ ಮಾಡಿದಳು. ಮೂರು ವಾರ ಅವಳ ಸಪ್ಪೆ ಮುಖ ನೋಡಿ ಅಕ್ಕನಿಗೆ ಹಾಲು ಕುಡಿದಷ್ಟು ಸಂತೋಷ.

ಆಮೇಲೆ ಒಬ್ಬ ಮೇಷ್ಟ್ರು ಬಂದರು. ಹದಿನೆಂಟು ವರ್ಷದ ಹಿಂದೆ ಅಕ್ಕನೇ ನಾಲಿಗೆ ಕೊರೆದ ಪೆನ್ನು ಅವರದು. "ಒಂದು ದಿನವೂ ಕೈಕೊಟ್ಟಿರ್ಲಿಲ್ಲಮ್ಮ. ನಿಮ್ಮ ಈ ಇಂಕು ಹಾಕಿದ್ಮೇಲೆ ಎರಡು ಅಕ್ಷರಕ್ಕೇ ನಿಂತ್ಹೋಗುತ್ತೆ. ಇನ್ನು ಬಿಸಾಡ್ಲಾ?"

ಮಂದವಾದ ಇಂಕು ಅವಳ ಹದವಾದ ಕಾಲುವೆಯಲ್ಲಿ ಇಳಿಯದೆ ಕಟ್ಟಿಕೊಂಡಿತ್ತು. ಪೆನ್ನು ತೊಳೆದುಕೊಟ್ಟು ಅವಳು ನೇರ ಇಂಕಿನ ಕೋಣೆಗೆ ಹೋದಳು.

"ತಪ್ಪು ಇಂಕಿಂದಲ್ಲ. ಕಾಲುವೆ ನಾನೇ ಅಗಲ ಮಾಡಿದ್ದು."

"ಗೊತ್ತಾಗ್ದೆ ಆಯ್ತಾ ಅಕ್ಕ?"

"ಗೊತ್ತಿದ್ದೇ ಮಾಡಿದೆ. ನಿನ್ನ ಹೊಗಳಿದ್ದು ತಡ್ಕೊಳೋಕಾಗ್ಲಿಲ್ಲ."

ಓರಗಿತ್ತಿ ಕಲಕುತ್ತಿದ್ದ ಗಾಜಿನ ಕಡ್ಡಿಯನ್ನು ಕೆಳಗಿಟ್ಟಳು. "ಎಷ್ಟು ಸಲ ಬೆರೆಸಿ ಚೆಲ್ಲಿದೀನಿ. ನನಗೇನೂ ಬರಲ್ಲ ಅಂತ ಅತ್ತಿದೀನಿ. ನೀವು ಪಕ್ಕದಲ್ಲೇ ಕೂತು ಊಟ ಮಾಡ್ತಿದ್ರಿ."

ಹನ್ನೊಂದು ದಿನ ಓರಗಿತ್ತಿ ಅಕ್ಕನೊಡನೆ ಮಾತು ಬಿಟ್ಟಳು. ಅಕ್ಕ ಮಾಲೀಕರಿಗೂ ನಿಜ ಹೇಳಿ ಬೈಸಿಕೊಂಡು, ವಾಪಸು ಬಂದ ಪೆನ್ನುಗಳಿಗೆಲ್ಲ ಹೊಸ ನಾಲಿಗೆ ಕೊರೆದು ಕೂರಿಸಿದಳು. ಹನ್ನೆರಡನೆಯ ದಿನ ಓರಗಿತ್ತಿ ಹಳೆಯ ಹದಕ್ಕೇ ಬೆರೆಸಿದ ಸೀಸೆಯೊಂದನ್ನು ತಂದಿಟ್ಟಳು. "ನಿಮ್ಮ ಪೆನ್ನಲ್ಲಿ ಬರೆದು ನೋಡಿ. ಜಾಸ್ತಿ ಇಳಿದ್ರೆ ನಾನು ಇಂಕು ಬದಲಾಯಿಸ್ತೀನಿ. ಇಲ್ಲಾ, ನೀವು ಕಾಲುವೆ ಬದಲಾಯಿಸಿ."

ಅಂದಿನಿಂದ ಇಬ್ಬರ ಮೇಜೂ ಒಂದೇ ಕೋಣೆಯಲ್ಲಿ. ಹೊಸ ಬಣ್ಣ ಬಂದರೆ ಮೊದಲು ಅಕ್ಕನ ನಿಬ್ಬಿಗೆ. ಹೊಸ ನಿಬ್ಬು ಬಂದರೆ ಮೊದಲು ಓರಗಿತ್ತಿಯ ಸೀಸೆಗೆ. ಹೊಟ್ಟೆಕಿಚ್ಚು ಪೂರ್ತಿ ಆರಿತೆಂದು ಹೇಳಲಾಗದು. ಕಿಟಕಿಯ ಬೆಳಕೆಲ್ಲ ಓರಗಿತ್ತಿಯ ಮೇಜಿನ ಮೇಲೇ ಬೀಳುತ್ತದೆಂದು ಅಕ್ಕ ಹೋದ ವಾರವೂ ಗೊಣಗಿದಳು. ಓರಗಿತ್ತಿ ನಕ್ಕು ಎದ್ದಳು. ಇಬ್ಬರೂ ಸೇರಿ ಮೇಜುಗಳನ್ನು ಅದಲುಬದಲು ಮಾಡಿದರು.