ನ್ಯಾನಿಸಿ ಅಜ್ಜಿಯ ಹನ್ನೆರಡು ವರ್ಷ

ಸರ್ಕಾರದ ಕಾಗದವನ್ನು ನಂಬುವುದಾದರೆ ನ್ಯಾನಿಸಿ ರಿಖೊತ್ಸೊ ತನ್ನ ಮಗನನ್ನು ಹೆತ್ತದ್ದು ಏಳನೇ ವಯಸ್ಸಿಗೆ. ಬಿಳಿಯರ ಆಳ್ವಿಕೆಯಲ್ಲಿ ನಮ್ಮ ಲಿಂಪೊಪೊದ ಹಳ್ಳಿಗೆ ಗುರುತಿನ ಚೀಟಿ ಬರೆಯಲು ಬಂದ ಗುಮಾಸ್ತ ಹುಟ್ಟಿದ ವರ್ಷ ಕೇಳಿದ. "ಮಿಡತೆ ಬಂದು ಹೊಲ ತಿಂದ ವರ್ಷ" ಅಂದಳು. ಅವನು ಅವಳ ಪುಟ್ಟ ಮೈಕಟ್ಟನ್ನು ಒಮ್ಮೆ ನೋಡಿ, ಹದಿನೆಂಟು ಎಂದು ಬರೆದುಕೊಂಡ. ಆಗ ಅವಳಿಗೆ ಮೂವತ್ತು.

ಆ ಹನ್ನೆರಡು ವರ್ಷ ಕಚ್ಚಿದ್ದು ಮುಪ್ಪಿನಲ್ಲಿ. ಅರವತ್ತಾದವರಿಗೆ ಸರ್ಕಾರ ಪಿಂಚಣಿ ಕೊಡುತ್ತದೆ. ಅವಳ ಓರಗೆಯವರೆಲ್ಲ ಪಿಂಚಣಿ ಪಡೆದು ಮನೆಯಲ್ಲಿ ಕುಳಿತರು. ಮೂರು ವರ್ಷ ಕಿರಿಯಳಾದ ತಂಗಿ ಮಿಹ್ಲೋತಿಯೂ ಕುಳಿತಳು. ನ್ಯಾನಿಸಿ ಮಾತ್ರ ಅರವತ್ತೊಂಬತ್ತರಲ್ಲೂ ಕಿತ್ತಳೆ ತೋಟದ ಏಣಿ ಹತ್ತುತ್ತಿದ್ದಳು. ತಂಗಿಯನ್ನು ಸಾಕ್ಷಿಗೆ ಕರೆದುಕೊಂಡು ಕಚೇರಿಗೆ ಹೋದರೆ ಅಲ್ಲಿಯ ಹುಡುಗಿ ನಕ್ಕಳಂತೆ. "ಅಜ್ಜಿ, ಕಾಗದದಲ್ಲಿ ನಿಮ್ಮ ತಂಗಿ ನಿಮಗಿಂತ ಒಂಬತ್ತು ವರ್ಷ ದೊಡ್ಡೋರು. ಇದ್ಯಾವ ಸೀಮೆ ತಂಗಿ?"

ನಾನು ಟಿನ್ಯಿಕೊ. ಮುದುಕರ ಮೈ ಎಷ್ಟು ಸವೆದಿದೆ ಎಂದು ಅಳೆಯುವ ಅಧ್ಯಯನವೊಂದರಲ್ಲಿ ಕೆಲಸ ನನ್ನದು. ಮನೆಮನೆಗೆ ಹೋಗಿ ಮುಷ್ಟಿಯ ಬಲ ನೋಡುತ್ತೇನೆ, ನಾಲ್ಕು ಮೀಟರ್ ನಡೆಸುತ್ತೇನೆ, ಕುರ್ಚಿಯಿಂದ ಐದು ಸಲ ಎಬ್ಬಿಸಿ ಕೂರಿಸುತ್ತೇನೆ, ರಕ್ತ ತೆಗೆಯುತ್ತೇನೆ. ಪಟ್ಟಿಯಲ್ಲಿ ನ್ಯಾನಿಸಿಯ ಹೆಸರು ಬಂತು: ವಯಸ್ಸು ಐವತ್ತೇಳು.

"ಇದನ್ನ ಕೈಲಾದಷ್ಟು ಗಟ್ಟಿಯಾಗಿ ಹಿಂಡು ಅಜ್ಜಿ."

"ಹಿಂಡಿದ್ರೆ ಹಾಲು ಬರತ್ತೇನೇ ಹುಡುಗಿ?"

"ಬರಲ್ಲ. ಬಲ ಎಷ್ಟಿದೆ ಅಂತ ಮುಳ್ಳು ತೋರಿಸುತ್ತೆ."

"ಇದ್ದ ಬಲವೆಲ್ಲ ಕಿತ್ತಳೆ ತೋಟದವನು ಹಿಂಡಿಕೊಂಡ. ನಿನಗೆ ಬರೀ ಸಿಪ್ಪೆ."

ಮುಳ್ಳು ಹನ್ನೊಂದಕ್ಕೇ ನಿಂತಿತು. ಕುರ್ಚಿಯಿಂದ ಮೂರನೇ ಸಲ ಏಳುವಾಗ ಮಂಡಿ ಹಿಡಿದುಕೊಂಡು ಕೂತುಬಿಟ್ಟಳು.

ಕೆಲವು ತಿಂಗಳ ಮೇಲೆ ನಮ್ಮ ಡಾಕ್ಟರ್ ಪಾಲೇಸಾ ಲೆಕ್ಕ ಹಿಡಿದು ಅವಳ ಮನೆಗೇ ಬಂದರು. ಜೊಹಾನ್ಸ್‌ಬರ್ಗ್‌ನ ಹುಡುಗಿ, ಮೆತ್ತಗಿನ ಮನಸ್ಸು. "ಅಮ್ಮಾ, ನಿಮಗೆ ಐವತ್ತೇಳು. ಆದರೆ ನಿಮ್ಮ ಮೈಗೆ ಎಪ್ಪತ್ತಾಗಿದೆ. ಏಣಿ ಹತ್ತೋದು ಬಿಡಬೇಕು."

ನ್ಯಾನಿಸಿ ಚಪ್ಪಾಳೆ ತಟ್ಟಿದಳು. "ಕೇಳಿದ್ಯಾ ಮಿಹ್ಲೋತಿ! ನಲವತ್ತು ವರ್ಷದಿಂದ ನಾನು ಬಡ್ಕೊಂಡಿದ್ದನ್ನ ಇವರ ಮಿಷಿನ್ನು ಒಂದೇ ದಿನದಲ್ಲಿ ಹೇಳ್ತು. ಡಾಕ್ಟ್ರಮ್ಮ, ಈ ಮಾತನ್ನ ಕಾಗದದ ಮೇಲೆ ಬರೆದುಕೊಡಿ. ಕಚೇರಿಯವಳ ಮುಖಕ್ಕೆ ಹಿಡೀತೀನಿ."

ಡಾಕ್ಟರಿಗೆ ಅರ್ಥವಾಗಲಿಲ್ಲ. ಆದರೂ, "ದೊಡ್ಡ ಪ್ರೊಫೆಸರನ್ನ ಕೇಳಿ ಬರೆದುಕೊಡ್ತೀನಿ" ಅಂದರು. ಅವತ್ತು ಅಜ್ಜಿ ನಮಗೆ ಮೆಕ್ಕೆಜೋಳದ ಮುದ್ದೆ, ಶೇಂಗಾ ಹಾಕಿದ ಸೊಪ್ಪು ಬಡಿಸಿದಳು. ಅವಳು ಅಷ್ಟು ನಕ್ಕಿದ್ದನ್ನು ನಾನು ಅದಕ್ಕೆ ಮೊದಲು ಕಂಡಿರಲಿಲ್ಲ.

ನಾನು ತಪ್ಪು ಮಾಡಿದ್ದು ಮುಂದಿನ ವಾರ. ಪ್ರೊಫೆಸರ್ ಬಂದಿದ್ದರು. ಇಷ್ಟು ಬೇಗ ಸವೆದ ದೇಹ ಅವರ ಪಟ್ಟಿಯಲ್ಲೇ ಇನ್ನೊಂದಿರಲಿಲ್ಲವಂತೆ. ಪರದೆಯ ಮೇಲಿನ ನಕ್ಷೆಯಲ್ಲಿ ಉಳಿದವರ ಚುಕ್ಕೆಗಳಿಂದ ದೂರ ಒಂಟಿಯಾಗಿ ನಿಂತ ಅವಳ ಚುಕ್ಕೆಯನ್ನು ಕಣ್ಣರಳಿಸಿ ನೋಡುತ್ತಿದ್ದರು. ಅಜ್ಜಿಯ ಪತ್ರಕ್ಕೆ ಬಲ ಬರಲಿ ಎಂದು ನಾನು ಬಾಯಿ ಬಿಟ್ಟೆ. "ಸರ್, ಅವಳು ಬೇಗ ಮುದುಕಿಯಾದವಳಲ್ಲ. ನಿಜವಾಗಿಯೂ ಮುದುಕಿ. ಕಾಗದದಲ್ಲಿ ಹನ್ನೆರಡು ವರ್ಷ ತಪ್ಪಿದೆ."

ಅವರ ಮುಖ ಇಳಿಯಿತು. "ಅಂದರೆ ವಯಸ್ಸು ಖಚಿತವಿಲ್ಲ?"

"ನಮಗೆಲ್ಲ ಖಚಿತ ಸರ್. ಊರಿಗೇ ಗೊತ್ತು."

"ಊರು ದಾಖಲೆಯಲ್ಲ" ಎಂದವರು ಪಾಲೇಸಾ ಕಡೆ ತಿರುಗಿದರು. "ಇವರನ್ನ ಪಟ್ಟಿಯಿಂದ ತೆಗೀರಿ."

ಚುಕ್ಕೆ ಅಳಿಸಿಹೋಯಿತು. ಪತ್ರ ಕೇಳಿದ್ದಕ್ಕೆ, ಅಧ್ಯಯನದಲ್ಲಿ ಇಲ್ಲದವರ ಬಗ್ಗೆ ಏನೂ ಬರೆದುಕೊಡಲಾಗದು ಎಂಬ ಉತ್ತರ ಬಂತು. ಪಾಲೇಸಾ ತಲೆ ತಗ್ಗಿಸಿದರು. ಸುದ್ದಿ ಮುಟ್ಟಿಸುವ ಕೆಲಸ ನನ್ನ ಪಾಲಿಗೆ ಬಂತು.

ಅಜ್ಜಿ ಶೇಂಗಾ ಸುಲಿಯುತ್ತ ಪೂರ್ತಿ ಕೇಳಿಸಿಕೊಂಡಳು. "ಐವತ್ತೇಳು ಅಂದ್ರೆ ಇಟ್ಕೊಳ್ತಾರೆ, ನಿಜ ಅಂದ್ರೆ ತೆಗೀತಾರೆ. ಹೌದಾ?"

"ಹೌದಜ್ಜಿ."

"ನನ್ನ ರಕ್ತನಾದ್ರೂ ವಾಪಸ್ ಕೊಡ್ತಾರಾ?"

ಮಾರನೆಯ ಬೆಳಿಗ್ಗೆ ತೋಟದ ಲಾರಿಯಲ್ಲಿ ಅವಳು ಎಂದಿನ ಜಾಗದಲ್ಲೇ ಕುಳಿತು ಹೋದಳು. ಆಮೇಲೆ ಎರಡು ಕೊಯ್ಲು ಮಾಡಿದಳು. ಎರಡನೆಯ ಕೊಯ್ಲಿನ ಚಳಿಯಲ್ಲಿ ಎದೆ ಕಟ್ಟಿ, ಒಂಬತ್ತು ದಿನ ಮಲಗಿ ತೀರಿಕೊಂಡಳು. ಕಾಗದದ ಲೆಕ್ಕದಲ್ಲಿ ಅರವತ್ತಕ್ಕೆ ಇನ್ನೂ ಏಳು ತಿಂಗಳಿತ್ತು.

ಮಣ್ಣು ಮಾಡಿ ಬಂದು ಅಂಗಳದಲ್ಲಿ ಊಟಕ್ಕೆ ಕುಳಿತೆವು. ಮಿಹ್ಲೋತಿ ಮುದ್ದೆ ಬಡಿಸುತ್ತ ಬಂದವಳು ನನ್ನೆದುರು ನಿಂತಳು.

"ನೀನೊಬ್ಬಳು ಬಾಯಿ ಮುಚ್ಕೊಂಡಿದ್ರೆ ಆ ಡಾಕ್ಟ್ರಮ್ಮ ಬರೆದುಕೊಡ್ತಿದ್ಲು" ಎಂದಳು.

ಬರೆದುಕೊಟ್ಟಿದ್ದರೂ ಕಚೇರಿಯವರು ಒಪ್ಪುತ್ತಿದ್ದರೋ ಇಲ್ಲವೋ, ಗೊತ್ತಿಲ್ಲ. ಅವಳು ನನ್ನನ್ನು ದಾಟಿ ಪಕ್ಕದವರಿಗೆ ಬಡಿಸಿದಳು. ನಾನು ತಟ್ಟೆ ಕೆಳಗಿಟ್ಟು ಎದ್ದು ಬಂದೆ. ಇವತ್ತಿಗೂ ಆ ಮನೆಯ ಮುಂದೆ ಹಾದರೆ ಅವಳು ಮುಖ ತಿರುಗಿಸುತ್ತಾಳೆ.