ಆಳವಿಲ್ಲದ ಬೀದಿ

ನಾಟಕದ ಮಂದಿ ಅವಳನ್ನು ಪರದೆಯಕ್ಕ ಎಂದು ಕರೆಯುತ್ತಿದ್ದರು. ರಂಗದ ಹಿಂದೆ ಇಳಿಬಿಡುವ ಪರದೆಗಳಿಗೆ ಚಿತ್ರ ಬರೆಯುವುದು ಅವಳ ಕಸುಬು. ಸಪಾಟಾದ ಬಟ್ಟೆಯ ಮೇಲೆ ಅವಳೊಂದು ಬೀದಿ ಬರೆದರೆ, ಎದ್ದುಹೋಗಿ ಅದರೊಳಗೆ ಅಡ್ಡಾಡಿ ಬರೋಣವೆನಿಸುತ್ತಿತ್ತು. ಬಟ್ಟೆಯ ನಡುವೆ ಒಂದು ಮೊಳೆ, ಮೊಳೆಗೊಂದು ದಾರ. ಸೂರು, ಕಿಟಕಿ, ಚರಂಡಿ, ಎಲ್ಲದರ ಗೆರೆಯೂ ಆ ಮೊಳೆಯತ್ತಲೇ ಓಡಬೇಕು. ಮುಂದಿನ ತೆರೆ ಸರಿದೊಡನೆ, ನಟರು ಬಾಯಿ ಬಿಡುವ ಮೊದಲೇ ಚಪ್ಪಾಳೆ ಬೀಳುತ್ತಿತ್ತು. ಅದು ತನ್ನ ಪಾಲಿನದೆಂದು ಅವಳಿಗೆ ಗೊತ್ತಿತ್ತು. ಒಳಗೊಳಗೇ ಬೀಗುತ್ತಿದ್ದಳು.

ಗಂಡ ರೈಲು ನಿಲ್ದಾಣದ ಮೈಕಿನಲ್ಲಿ ಗಾಡಿಗಳ ವಿಷಯ ಹೇಳುವ ಕೆಲಸದಲ್ಲಿದ್ದು ನಿವೃತ್ತನಾದವನು. ಕೆಲಸ ಮುಗಿದರೂ ಆ ದನಿ ಅವನನ್ನು ಬಿಟ್ಟಿರಲಿಲ್ಲ. ಪಕ್ಕದ ಮನೆಗೆ ಕಳ್ಳ ನುಗ್ಗಿದ್ದನ್ನೂ ಹಾಲು ಒಡೆದದ್ದನ್ನೂ ಒಂದೇ ರಾಗದಲ್ಲಿ ಹೇಳುವನು. ಮಗಳು ಚಿಕ್ಕವಳಿದ್ದಾಗ ಅವಳಿಗೆ ಕಥೆ ಹೇಳುತ್ತಿದ್ದವನು ಅವನೇ. ಆ ಕಥೆಯಲ್ಲಿ ಹುಲಿ ಬಂದರೂ ಹತ್ತು ನಿಮಿಷ ತಡವಾಗಿಯೇ ಬರುತ್ತದೆಂದು ಹೆಂಡತಿ ಅಡುಗೆಮನೆಯಿಂದಲೇ ನಗುತ್ತಿದ್ದಳು.

ಮಗಳ ಮದುವೆಯಾಗಿ ಕೆಲವು ವರ್ಷಗಳ ಮೇಲೆ ಪರದೆಯಕ್ಕನ ಎಡಗಣ್ಣಿನ ಒಳಪದರ ಕಳಚಿಕೊಂಡಿತು. ಆಪರೇಷನ್ ಕೈಗೂಡದೆ ಆ ಕಣ್ಣು ಹೋಯಿತು. ಉಳಿದ ಕಣ್ಣಿಗೆ ಎಲ್ಲವೂ ನಿಚ್ಚಳವಾಗಿ ಕಾಣುತ್ತಿತ್ತು; ದೂರ ಯಾವುದು, ಹತ್ತಿರ ಯಾವುದು ಎಂಬುದು ಮಾತ್ರ ಅಂದಾಜಿಗೆ ಸಿಗುತ್ತಿರಲಿಲ್ಲ. ಲೋಟಕ್ಕೆ ಬಗ್ಗಿಸಿದ ಚಹಾ ಮೇಜಿನ ಮೇಲೆ ಬಿತ್ತು. ಮೆಟ್ಟಿಲುಗಳು ನೆಲದ ಮೇಲೆ ಎಳೆದ ಗೆರೆಗಳಂತೆ ಕಂಡು ಕಾಲು ಉಳುಕಿತು.

"ಲೋಕವೇ ಒಂದು ಪರದೆ ಆಗಿಬಿಟ್ಟಿದೆ ರೀ" ಎಂದಳು ಗಂಡನಿಗೆ.

ಮರುದಿನದಿಂದ ಅವನು ಅವಳ ಜೊತೆಯಲ್ಲೇ ನಡೆಯುತ್ತ, ಮುಂದೆ ಮೆಟ್ಟಿಲಿದೆ, ಎದುರಿಗೆ ಸೈಕಲ್ ಬರುತ್ತಿದೆ ಎಂದು ಹೇಳತೊಡಗಿದ.

ಆ ಹೊತ್ತಿಗೆ ಅವಳ ಹಳೆಯ ಪರಿಚಯದ ನಿರ್ದೇಶಕನೊಬ್ಬ ಹೊಸ ನಾಟಕಕ್ಕೆ ಬೀದಿಯ ಪರದೆ ಕೇಳಿದ. ಮನೆಬಿಟ್ಟು ಹೋದ ಮಗಳು ಅಪ್ಪನ ಬಾಗಿಲಿಗೆ ಮರಳುವ ಕಥೆ ಅದು. ಕೈ ನಡೆಯುತ್ತದೋ ಇಲ್ಲವೋ ಎಂದು ಪರದೆಯಕ್ಕ ಅಳುಕಿದಳು. ಆದರೆ ಅಳತೆ ಹಿಡಿಯುವಾಗ ಒಂದು ಕಣ್ಣು ಮುಚ್ಚುವುದು ಅವಳಿಗೆ ಮೊದಲಿನಿಂದಲೂ ರೂಢಿಯೇ. ಕಿರುಬೆರಳನ್ನು ಬಟ್ಟೆಗೆ ಊರಿಕೊಂಡು ಕುಂಚ ಹಿಡಿಯುವುದೊಂದನ್ನು ಹೊಸದಾಗಿ ಕಲಿತಳು. ಬೀದಿ ಮೊದಲಿನಷ್ಟೇ ಉದ್ದಕ್ಕೆ ಓಡಿತು.

ತೊಡಕು ಬಂದದ್ದು ತಾಲೀಮಿನಲ್ಲಿ. ಅಪ್ಪನ ಪಾತ್ರದವನು ಪರದೆಯಲ್ಲಿ ದೂರದ್ದೆಂದು ಚಿಕ್ಕದಾಗಿ ಬರೆದ ಬಾಗಿಲ ಬಳಿ ನಿಂತರೆ ಅವನ ತಲೆ ಮಹಡಿಯ ಕಿಟಕಿಗೆ ತಾಗುವಂತಿತ್ತು. ಎಲ್ಲರೂ ನಕ್ಕರು. ಇಷ್ಟು ವರ್ಷ ತನ್ನ ಬೀದಿಗಳ ಹತ್ತಿರಕ್ಕೆ ನಟರನ್ನು ಬಿಡುತ್ತಲೇ ಇರಲಿಲ್ಲವೆಂಬುದು ಪರದೆಯಕ್ಕನಿಗೆ ಹೊಳೆಯಿತು. ಆ ಬೀದಿ ನೋಡುವುದಕ್ಕಷ್ಟೇ, ನಡೆಯುವುದಕ್ಕಲ್ಲ.

ಅವಳು ಇಡೀ ಬಟ್ಟೆಗೆ ಬಿಳಿ ಬಳಿದು, ಮೊಳೆ ಕಿತ್ತಿಟ್ಟು ಬೇರೆ ಬೀದಿ ಬರೆದಳು. ಮನೆಗಳು ಒಂದರ ಪಕ್ಕ ಒಂದು, ಎಲ್ಲ ಒಂದೇ ಎತ್ತರ, ಬಾಗಿಲುಗಳು ಆಳುದ್ದ. ಯಾವ ಗೆರೆಯೂ ಎಲ್ಲಿಗೂ ಓಡುತ್ತಿರಲಿಲ್ಲ.

ನಿರ್ದೇಶಕ ಬಹಳ ಹೊತ್ತು ನೋಡಿದ. "ಆಳವೇ ಇಲ್ಲವಲ್ಲಕ್ಕಾ ಇದರಲ್ಲಿ?"

"ಈಗ ನನಗೆ ಕಾಣೋದೇ ಹೀಗಪ್ಪ. ಬೇಡ ಅನಿಸಿದ್ರೆ ಹೇಳು, ಹಳೇದನ್ನೇ ಬರೆದುಕೊಡ್ತೀನಿ."

ಅವನಿಗೂ ಖಾತ್ರಿಯಿರಲಿಲ್ಲ. ನೋಡೋಣವೆಂದು ಒಪ್ಪಿಕೊಂಡ.

ಮೊದಲ ಪ್ರದರ್ಶನದಲ್ಲಿ ತೆರೆ ಸರಿದಾಗ ಚಪ್ಪಾಳೆ ಬೀಳಲಿಲ್ಲ. ಗಂಡನ ಪಕ್ಕ ಕೂತಿದ್ದ ಪರದೆಯಕ್ಕನಿಗೆ ಚುರುಕ್ಕೆಂದಿತು. ಜನ ಬೀದಿಯನ್ನು ಗಮನಿಸಲೇ ಇಲ್ಲ, ಅದರ ಮುಂದೆ ನಿಂತ ಇಬ್ಬರನ್ನು ನೋಡುತ್ತಿದ್ದರು. ಅಪ್ಪನಿಗೂ ಮಗಳಿಗೂ ನಡುವೆ ಎಷ್ಟು ಜಾಗವಿದೆಯೆಂದು ಅವಳಿಗೆ ಮಾತ್ರ ತಿಳಿಯುತ್ತಿರಲಿಲ್ಲ. ಗಂಡನ ತೋಳು ಮುಟ್ಟಿ ಕೇಳಿದಳು.

ಅವನು ಪಿಸುಗುಟ್ಟಿದ: "ಅಪ್ಪ ಬಾಗಿಲ ಹತ್ರ ಇದ್ದಾನೆ. ಮಗಳು ದೂರ ಇದ್ದಾಳೆ. ನಡೀತಿದ್ದಾಳೆ. ಅವನು ತಿರುಗಲಿಲ್ಲ. ಈಗ ಒಂದು ಮಾರು ಇದೆ. ನಿಂತಳು. ಕೈ ಚಾಚಿದಳು. ಮುಟ್ಟಲಿಲ್ಲ."

ಗಾಡಿ ಹೊರಟಿತೆಂದು ಹೇಳುವಷ್ಟೇ ಸಪಾಟಾದ ದನಿ. ಪರದೆಯಕ್ಕ ಸೆರಗಿನಿಂದ ಮುಖ ಒರೆಸಿಕೊಂಡಳು.

"ನಮ್ಮ ಮಗಳಿಗೂ ಹೀಗೇ ಹೇಳ್ತಿದ್ರಾ ಕಥೆ?" ಎಂದು ಹೊರಗೆ ಬಂದ ಮೇಲೆ ಕೇಳಿದಳು.

"ಹೂಂ. ಅವಳು ಅಳ್ತಿದ್ದಳು, ಒಂದೊಂದು ಸಲ. ನೀನು ಒಳಗೆ ಕೆಲಸದಲ್ಲಿರ್ತಿದ್ದೆ."

ಅವಳು ಅವನ ಕೈ ಹಿಡಿದು ನಡೆದಳು.

ಆಮೇಲೆ ಕೆಲವು ತಂಡಗಳು ಅವಳನ್ನು ಕರೆಯುವುದನ್ನು ಬಿಟ್ಟವು. ಅವರಿಗೆ ಉದ್ದನೆಯ ಬೀದಿಗಳೇ ಬೇಕಿತ್ತು. ಆ ನಿರ್ದೇಶಕ ಮಾತ್ರ ಬಿಡಲಿಲ್ಲ. ಬಿಡುವಿರುವ ಸಂಜೆ ಗಂಡಹೆಂಡಿರು ಬೇರೆಯವರ ನಾಟಕಗಳಿಗೂ ಹೋಗುತ್ತಾರೆ. ಮುಂದೆ ಜಾಗ ಖಾಲಿಯಿದ್ದರೂ ಕೊನೆಯ ಸಾಲಿನ ಮೂಲೆಯಲ್ಲೇ ಕೂರುತ್ತಾರೆ, ಅಕ್ಕಪಕ್ಕದವರಿಗೆ ಅವನ ಮಾತಿನಿಂದ ತೊಂದರೆಯಾಗಬಾರದೆಂದು.